ಕ್ರಿಮಿನಲ್ ನ್ಯಾಯಾಧೀಶರ ಅರ್ಹತೆ ಯಾವುದು?

(ಕಾನೂನು ವಿದ್ಯಾರ್ಥಿಗಳು ಮತ್ತು ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೊಲೆ ಮೊಕದ್ದಮೆಯೊಂದರ ತೀರ್ಪು ಹೊರಬಿದ್ದ ದಿನ ಊರಿನ ಅರಳಿಕಟ್ಟೆಯಲ್ಲಿ ಎರಡೇ ಮಾತು. ಶಿಕ್ಷೆಯಾದರೆ ‘ಜಡ್ಜು ಒಳ್ಳೆಯವರು’. ಬಿಡುಗಡೆಯಾದರೆ ‘ಜಡ್ಜಿಗೇನು ಗೊತ್ತು?’. ಆ ಪೀಠದ ಮೇಲೆ ಕುಳಿತವರು ಅಲ್ಲಿಗೆ ಹೇಗೆ ಬಂದರು, ಅವರಿಗೆ ಏನು ಗೊತ್ತಿರಬೇಕೆಂದು ಕಾನೂನು ಬಯಸುತ್ತದೆ, ಎಷ್ಟು ಅಧಿಕಾರ ಕೊಟ್ಟಿದೆ ಎಂಬುದನ್ನು ಕೇಳುವವರು ಕಡಿಮೆ. ಇಂದು ಅದನ್ನೇ ಕೇಳಿಕೊಳ್ಳೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಮಗೆ ಇದು ದೂರದ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಹುಡುಕಲು ಬೇಕಾದ ಎರಡು ದೊಡ್ಡ ಪಾಠಗಳು ನಮ್ಮ ನೆಲದಲ್ಲೇ ಇವೆ.

ಮೊದಲನೆಯ ಪಾಠ: ವಿದುರಾಶ್ವತ್ಥ

ಹಳೆಯ ಮೈಸೂರು ಸಂಸ್ಥಾನದಲ್ಲಿ ಕಂದಾಯ ವಸೂಲಿ ಮಾಡುವ ಅಮಲ್ದಾರರೇ ಮ್ಯಾಜಿಸ್ಟ್ರೇಟರ ಅಧಿಕಾರವನ್ನೂ ಹೊಂದಿರುತ್ತಿದ್ದರು. ಜಿಲ್ಲೆಯ ಮಟ್ಟದಲ್ಲಿ ಡೆಪ್ಯುಟಿ ಕಮಿಷನರರೇ ಜಿಲ್ಲಾ ಮ್ಯಾಜಿಸ್ಟ್ರೇಟರು. ಮೇಲಿನ ಹಂತದಲ್ಲಿ ವ್ಯವಸ್ಥೆ ಬೇರೆಯಾಗಿತ್ತು. 1884ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಚೀಫ್ ಕೋರ್ಟ್ 1930ರಲ್ಲಿ ಮೈಸೂರು ಹೈಕೋರ್ಟ್ ಎನಿಸಿಕೊಂಡಿತು. ಆದರೆ ಹಳ್ಳಿಯ ರೈತನಿಗೆ ಹೈಕೋರ್ಟು ಕಾಣಿಸುತ್ತಿರಲಿಲ್ಲ. ಅವನಿಗೆ ಕಾಣಿಸುತ್ತಿದ್ದವರು ಅಮಲ್ದಾರರು. ಆಳುವವರೂ ಅವರೇ, ದಂಡಿಸುವವರೂ ಅವರೇ.

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ರಾಷ್ಟ್ರಧ್ವಜದ ಅಡಿಯಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಲಿಲ್ಲ. ಆಗ ಸಂಸ್ಥಾನದ ಸರ್ಕಾರ ಮಾಡಿದ್ದನ್ನು ಗಮನಿಸಿ. ವಿಚಾರಣೆಗಾಗಿ ನೇಮಿಸಿದ ಸಮಿತಿಯ ಮುಖ್ಯಸ್ಥರನ್ನಾಗಿ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸರ್ ವೇಪ ರಾಮೇಶಂ ಅವರನ್ನು ಕರೆಸಿತು. ಆಡಳಿತದ ಕೈಯೇ ಪ್ರಶ್ನೆಗೆ ಗುರಿಯಾದಾಗ, ಆಡಳಿತದಿಂದ ಹೊರಗಿನವರ ಮಾತಿಗೆ ಮಾತ್ರ ಬೆಲೆಯಿರುತ್ತದೆ ಎಂಬುದನ್ನು ಆ ಸರ್ಕಾರವೂ ಒಪ್ಪಿಕೊಂಡಂತಾಯಿತು.

ನ್ಯಾಯಾಧೀಶರ ಮೊದಲ ಅರ್ಹತೆ ಇದೇ: ಅವರು ಆಳುವವರ ಕೈಕೆಳಗಿನ ನೌಕರರಾಗಿರಬಾರದು. ನಮ್ಮ ಸಂವಿಧಾನದ 50ನೇ ವಿಧಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಹೇಳಿತು. 235ನೇ ವಿಧಿ ಕೆಳಹಂತದ ನ್ಯಾಯಾಲಯಗಳ ಮೇಲಿನ ಹತೋಟಿಯನ್ನು ಸರ್ಕಾರಕ್ಕೆ ಕೊಡದೆ ಹೈಕೋರ್ಟಿಗೆ ವಹಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಈ ಬೇರ್ಪಡಿಕೆ ಮ್ಯಾಜಿಸ್ಟ್ರೇಟರ ಹಂತಕ್ಕೂ ಖಚಿತವಾಗಿ ಇಳಿಯಿತು. ಇಂದಿನ ತಹಶೀಲ್ದಾರರಿಗೆ ಶಾಂತಿಪಾಲನೆಯ ಮಟ್ಟಿಗೆ ಮ್ಯಾಜಿಸ್ಟ್ರೇಟ್ ಅಧಿಕಾರ ಉಳಿದಿದೆ. ಆದರೆ ಅಪರಾಧದ ವಿಚಾರಣೆ ನಡೆಸಿ ಒಬ್ಬನನ್ನು ಜೈಲಿಗೆ ಕಳಿಸುವ ಕೆಲಸ ನ್ಯಾಯಾಂಗದ ಅಧಿಕಾರಿಯದು.

ಪೀಠಕ್ಕೆ ಹೋಗುವ ದಾರಿ

ಹಾಗಾದರೆ ಆ ಅಧಿಕಾರಿ ಯಾರು? ತಾಲ್ಲೂಕಿನಲ್ಲಿ ನಾವು ಕಾಣುವವರು ಸಿವಿಲ್ ನ್ಯಾಯಾಧೀಶರು ಹಾಗೂ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರು. ಹಿರಿಯರು ಈಗಲೂ ‘ಮುನ್ಸೀಫರು’ ಎನ್ನುತ್ತಾರೆ. ಬೆಳಿಗ್ಗೆ ಹೊಲದ ಬದುವಿನ ದಾವೆ ಕೇಳಿದವರೇ ಮಧ್ಯಾಹ್ನ ಕಳ್ಳತನದ ಕೇಸು, ರೇಷ್ಮೆ ಗೂಡಿನ ಬಾಕಿಗೆ ಕೊಟ್ಟ ಚೆಕ್ಕು ವಾಪಸು ಬಂದ ಕೇಸು ಕೇಳಬೇಕು.

ಈ ಹುದ್ದೆಗೆ ಕಾನೂನು ಪದವಿ ಬೇಕು, ಹೈಕೋರ್ಟ್ ನಡೆಸುವ ಪರೀಕ್ಷೆ ಗೆಲ್ಲಬೇಕು. ಮೊದಲು ಪೂರ್ವಭಾವಿ ಪರೀಕ್ಷೆ, ಬಳಿಕ ಮುಖ್ಯ ಪರೀಕ್ಷೆ, ಕೊನೆಗೆ ಮೌಖಿಕ. ಮುಖ್ಯ ಪರೀಕ್ಷೆಯಲ್ಲಿ ಎರಡು ಸಂಗತಿ ಗಮನಾರ್ಹ. ಒಂದು, ದೋಷಾರೋಪ ರಚಿಸಿ ತೀರ್ಪು ಬರೆದು ತೋರಿಸಬೇಕು. ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡಿದರೆ ಸಾಲದು. ಇನ್ನೊಂದು, ಭಾಷಾಂತರಕ್ಕೇ ಒಂದು ಪತ್ರಿಕೆಯಿದೆ. ಸಾಕ್ಷಿಯ ಹೇಳಿಕೆ, ದಸ್ತಾವೇಜು, ತೀರ್ಪುಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರಬೇಕು. ಈ ಪತ್ರಿಕೆ ಏಕೆ ಬೇಕೆಂಬುದು ಮುಂದೆ ತಿಳಿಯುತ್ತದೆ.

ಪದವಿ ಮುಗಿಸಿದ ಕೂಡಲೇ ಪರೀಕ್ಷೆ ಬರೆಯಬಹುದೇ? ಈ ಪ್ರಶ್ನೆ ಮೂವತ್ತು ವರ್ಷ ತೂಗಾಡಿತು. 1993ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷ ವಕೀಲಿ ವೃತ್ತಿ ಕಡ್ಡಾಯವೆಂದಿತು. ಬುದ್ಧಿವಂತ ಯುವಕರು ನ್ಯಾಯಾಂಗದತ್ತ ಬರುತ್ತಿಲ್ಲವೆಂದು ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗ ಹೇಳಿದ ಮೇಲೆ 2002ರಲ್ಲಿ ಆ ನಿಯಮ ಹೋಯಿತು. 2025ರ ಮೇ 20ರಂದು ಅದೇ ಸುಪ್ರೀಂ ಕೋರ್ಟ್ ಮೂರು ವರ್ಷದ ನಿಯಮವನ್ನು ಮತ್ತೆ ತಂದಿತು. ಹಿಂದಿನ ಕಾರಣವೂ ಸುಳ್ಳಲ್ಲ, ಇಂದಿನದೂ ಸುಳ್ಳಲ್ಲ. ಪುಸ್ತಕದ ಜಾಣ್ಮೆ ಬೇಗ ಬರುತ್ತದೆ. ಕಟಕಟೆಯಲ್ಲಿ ನಿಂತವನ ನಡುಕ ಭಯದ್ದೋ ಸುಳ್ಳಿನದ್ದೋ ಎಂದು ಅಳೆಯುವ ಜಾಣ್ಮೆ ಬರಲು ಕೋರ್ಟಿನ ಬೆಂಚು ಸವೆಸಬೇಕು.

ಕೊಲೆಯಂಥ ಘೋರ ಅಪರಾಧ ಮ್ಯಾಜಿಸ್ಟ್ರೇಟರ ಕೈಯಲ್ಲಿ ಮುಗಿಯುವುದಿಲ್ಲ. ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದ ಮೇಲೆ ಮ್ಯಾಜಿಸ್ಟ್ರೇಟರು ಅದನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಕೊಡಬಹುದಾದ ಸೆರೆವಾಸ ಮೂರು ವರ್ಷದವರೆಗೆ. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರದು ಏಳು ವರ್ಷದವರೆಗೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಮಿತಿಗಳನ್ನು ಹಾಗೆಯೇ ಉಳಿಸಿ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ವಿಧಿಸಬಹುದಾದ ದಂಡವನ್ನು 50,000 ರೂಪಾಯಿಗೆ ಏರಿಸಿತು. ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೆಂಬ ಹೊಸ ಶಿಕ್ಷೆಯನ್ನೂ ಸೇರಿಸಿತು. ಸೆಷನ್ಸ್ ನ್ಯಾಯಾಧೀಶರು ಕಾನೂನಿನಲ್ಲಿರುವ ಯಾವ ಶಿಕ್ಷೆಯನ್ನಾದರೂ ಕೊಡಬಹುದು. ಮರಣದಂಡನೆಗೆ ಮಾತ್ರ ಹೈಕೋರ್ಟಿನ ದೃಢೀಕರಣ ಬೇಕು.

ಸೆಷನ್ಸ್ ಪೀಠಕ್ಕೆ ಏರುವ ದಾರಿ ಮೂರು: ಕೆಳಗಿನ ಹುದ್ದೆಯಿಂದ ಅರ್ಹತೆ ಮತ್ತು ಹಿರಿತನದ ಮೇಲೆ ಬಡ್ತಿ; ಸೇವೆಯಲ್ಲಿರುವವರಿಗಷ್ಟೇ ನಡೆಸುವ ಸ್ಪರ್ಧಾತ್ಮಕ ಪರೀಕ್ಷೆ; ವಕೀಲರ ವೃಂದದಿಂದ ನೇರ ನೇಮಕ. ನೇರ ಬರುವ ವಕೀಲರಿಗೆ ಕನಿಷ್ಠ ಏಳು ವರ್ಷದ ವೃತ್ತಿ ಇರಬೇಕೆಂದು ಸಂವಿಧಾನದ 233ನೇ ವಿಧಿಯೇ ಹೇಳುತ್ತದೆ. ಹೈಕೋರ್ಟಿನ ದಾರಿ ಬೇರೆ. ಚಿಂತಾಮಣಿ ತಾಲ್ಲೂಕಿನವರಾದ ವಿ. ಗೋಪಾಲಗೌಡರು ವಕೀಲಿಯಿಂದ ನೇರವಾಗಿ ಹೈಕೋರ್ಟಿಗೆ ಹೋಗಿ, 2012ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು.

ನೋಡುವ ಕಣ್ಣು, ಕೇಳುವ ಕಿವಿ

ಇಷ್ಟೆಲ್ಲ ಕಾಗದದ ಮೇಲಿನ ಅರ್ಹತೆ. ಇನ್ನು ಕಾಗದಕ್ಕೆ ಸಿಗದ ಅರ್ಹತೆಗೆ ಬರೋಣ.

ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಮೇಲ್ಮನವಿ ಹೋದಾಗ ಅಲ್ಲಿನವರು ಓದುವುದು ಸಾಕ್ಷ್ಯದ ಬರಹವನ್ನು. ಸಾಕ್ಷಿಯನ್ನು ಕಣ್ಣಾರೆ ನೋಡುವವರು ವಿಚಾರಣಾ ನ್ಯಾಯಾಧೀಶರೊಬ್ಬರೇ. ಆದ್ದರಿಂದಲೇ ಸಾಕ್ಷಿಯ ನಡವಳಿಕೆಯ ಬಗ್ಗೆ ತಮಗೆ ಮುಖ್ಯವೆನಿಸಿದ್ದನ್ನು ಅವರು ಟಿಪ್ಪಣಿ ಮಾಡಬೇಕೆಂದು ಕಾನೂನು ಹೇಳುತ್ತದೆ. ಉತ್ತರ ಕೊಡುವ ಮುನ್ನ ಸಾಕ್ಷಿ ಯಾರ ಮುಖ ನೋಡಿದ, ಯಾವ ಪ್ರಶ್ನೆಗೆ ತಡವರಿಸಿದ ಎಂಬುದು ಅವರು ಬರೆಯದಿದ್ದರೆ ಮೇಲಿನವರಿಗೆ ಎಂದೂ ತಿಳಿಯದು.

ನಮ್ಮ ಸೀಮೆಯಲ್ಲಿ ಇದರ ಜೊತೆಗೆ ಭಾಷೆಯ ಪ್ರಶ್ನೆಯಿದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯ ಬರಹ ಕನ್ನಡ. ಅಜ್ಜಿಯೊಬ್ಬಳು ಕಟಕಟೆಯಲ್ಲಿ ನಿಂತು ‘ಕೊಟ್ಟಾಡು’ ಎನ್ನುತ್ತಾಳೆ. ತೆಲುಗಿನಲ್ಲಿ ಅದರ ಅರ್ಥ ‘ಹೊಡೆದ’. ಕನ್ನಡದ ಕಿವಿಗೆ ಅದು ‘ಕೊಟ್ಟ’ ಎಂದು ಕೇಳಿಸುತ್ತದೆ. ಸಾಧ್ಯವಾದರೆ ಸಾಕ್ಷಿಯ ಮಾತನ್ನು ಅವನ ಭಾಷೆಯಲ್ಲೇ ದಾಖಲಿಸಬೇಕು, ಇಲ್ಲವೇ ನಿಜವಾದ ಭಾಷಾಂತರ ಮಾಡಿಸಬೇಕು, ದಾಖಲೆಯನ್ನು ಅವನಿಗೆ ಓದಿ ಹೇಳಬೇಕು ಎಂಬ ನಿಯಮಗಳು ಇರುವುದು ಈ ಕಾರಣಕ್ಕೇ. ಓದಿ ಹೇಳುವ ಆ ಐದು ನಿಮಿಷವನ್ನು ಅವಸರದಲ್ಲಿ ನುಂಗಿದರೆ ಒಂದು ಏಟು ಒಂದು ದಾನವಾಗಿಬಿಡಬಹುದು.

ಎರಡನೆಯ ಪಾಠ: ಕಂಬಾಲಪಲ್ಲಿ

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಜೀವಂತ ಸುಡಲಾಯಿತು. ಆಗ ನಾವು ಕೋಲಾರ ಜಿಲ್ಲೆಯವರು; ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಕೋಲಾರದಲ್ಲಿ ವಿಚಾರಣೆ ನಡೆಯಿತು. ಸಾಕ್ಷಿಗಳು ಪ್ರತಿಕೂಲರಾದರು. 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ. ಕೊಂದವರು ಯಾರೆಂದು ಕಾನೂನಿನ ಪುಸ್ತಕದಲ್ಲಿ ಬರೆದಿಲ್ಲ.

ನ್ಯಾಯಾಧೀಶರು ಸಾಕ್ಷ್ಯವಿಲ್ಲದೆ ಯಾರನ್ನೂ ಶಿಕ್ಷಿಸುವಂತಿಲ್ಲ, ಶಿಕ್ಷಿಸಲೂಬಾರದು. ಊರೆಲ್ಲ ಬಲ್ಲ ಸಂಗತಿಯೂ ಕಟಕಟೆಯಲ್ಲಿ ಯಾರೂ ಹೇಳದಿದ್ದರೆ ಅವರ ಪಾಲಿಗೆ ಇಲ್ಲದ ಸಂಗತಿ. ಹಾಗೆಂದು ಅವರು ಬರಿಯ ಬರೆದುಕೊಳ್ಳುವ ಯಂತ್ರವೂ ಅಲ್ಲ. ಸತ್ಯ ತಿಳಿಯಲು ಯಾವ ಸಾಕ್ಷಿಗೆ ಯಾವ ಪ್ರಶ್ನೆಯನ್ನಾದರೂ ಕೇಳುವ ಅಧಿಕಾರ ಸಾಕ್ಷ್ಯ ಕಾಯಿದೆಯಲ್ಲಿ ಅವರಿಗಿದೆ. ಗುಜರಾತಿನ ಬೆಸ್ಟ್ ಬೇಕರಿ ಮೊಕದ್ದಮೆಯಲ್ಲಿಯೂ ಸಾಕ್ಷಿಗಳು ತಿರುಗಿಬಿದ್ದು ಎಲ್ಲರೂ ಖುಲಾಸೆಯಾಗಿದ್ದರು. 2004ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿ, ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. ನ್ಯಾಯಾಧೀಶರು ಮೂಕಪ್ರೇಕ್ಷಕರಾಗಿ ಕೂರಬಾರದೆಂದು ಎಚ್ಚರಿಸಿತು. 2018ರಲ್ಲಿ ಸಾಕ್ಷಿಗಳ ರಕ್ಷಣಾ ಯೋಜನೆಗೆ ಒಪ್ಪಿಗೆಯಿತ್ತಿತು. ಈಗಿನ ಸಂಹಿತೆಯ ಪ್ರಕಾರ ಪ್ರತಿಯೊಂದು ರಾಜ್ಯವೂ ಅಂಥ ಯೋಜನೆಯನ್ನು ರೂಪಿಸಲೇಬೇಕು.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಆ ಪರೀಕ್ಷೆ ಬರೆಯುವವರು. ವಿದುರಾಶ್ವತ್ಥ ನಿಮಗೆ ಹೇಳುವುದು, ಆಳುವವರ ಕೈಗೆ ಸಿಗದ ಸ್ಥಾನದಲ್ಲಿ ಕುಳಿತು ನ್ಯಾಯ ಹೇಳಿ ಎಂದು. ಕಂಬಾಲಪಲ್ಲಿ ಹೇಳುವುದು, ಬಾಯಿ ಕಟ್ಟಿದವನ ಮೌನವನ್ನೂ ಗಮನಿಸಿ, ಕೇಳಬೇಕಾದ ಪ್ರಶ್ನೆ ಕೇಳಿ ಎಂದು. ಉಳಿದವರಿಗೆ, ಎಂದರೆ ನಮ್ಮೆಲ್ಲರಿಗೆ, ಅದು ಇನ್ನೂ ಒಂದು ಮಾತು ಹೇಳುತ್ತದೆ. ನ್ಯಾಯಾಧೀಶರ ಅರ್ಹತೆಯನ್ನು ಸಂವಿಧಾನ ಬರೆದಿದೆ, ಸಾಕ್ಷಿಯ ಅರ್ಹತೆಯನ್ನು ಬರೆದುಕೊಳ್ಳಬೇಕಾದವರು ನಾವು. ಕಂಡದ್ದನ್ನು ಕಂಡಂತೆ ಹೇಳುವ ಹತ್ತು ಜನ ಊರಿನಲ್ಲಿಲ್ಲದಿದ್ದರೆ, ಎಂಥ ಪಂಡಿತರನ್ನು ಪೀಠದ ಮೇಲೆ ಕೂರಿಸಿದರೂ ಅವರ ಮುಂದಿರುವುದು ಖಾಲಿ ಕಾಗದವೇ.