ಹಳೆಯ ಮೇಜಿಗೆ ಹೊಸ ಬಣ್ಣ



ಗುಜರಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ಓದುವ ಮೇಜೊಂದನ್ನು ಮನೆಗೆ ತಂದಿದ್ದೀರಿ ಎಂದಿಟ್ಟುಕೊಳ್ಳಿ. ಕಾಲುಗಳು ಗಟ್ಟಿಯಾಗಿವೆ, ಬಣ್ಣ ಮಾತ್ರ ಅಲ್ಲಲ್ಲಿ ಎದ್ದಿದೆ. ಒಂದು ಡಬ್ಬಿ ಬಣ್ಣ, ಒಂದು ಕುಂಚ, ಒಂದು ಭಾನುವಾರ ಇದ್ದರೆ ಸಾಕು ಎನ್ನಿಸುವುದು ಸಹಜ. ಆದರೆ ಬಣ್ಣ ಬಳಿಯುವುದು ಈ ಕೆಲಸದ ಕೊನೆಯ ಭಾಗ. ಅದಕ್ಕೆ ಮೊದಲು, ಹಳೆಯ ಬಣ್ಣ ಎಂಥದು, ಅದರ ಕೆಳಗಿನ ಮರ ಎಂಥದು ಎಂಬುದನ್ನು ತಿಳಿಯಬೇಕು.

ಮೇಜನ್ನು ತಲೆಕೆಳಗು ಮಾಡಿ ನೋಡಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಬದುಕಿರಬಹುದು. ಮೊದಲು ಅದಕ್ಕೆ ಔಷಧಿಯಾಗಬೇಕು. ಮರ ತೇಗವೋ ಬೀಟೆಯೋ ಆಗಿದ್ದರೆ ಬಣ್ಣದಿಂದ ಮುಚ್ಚಬೇಡಿ. ಪಾಲಿಶ್ ಮಾಡಿದರೆ ಅದರ ಸೊಬಗೇ ಸಾಕು. ಮರದ ಪುಡಿಯನ್ನು ಅಂಟಿಸಿ ಮಾಡಿದ ಹಲಗೆಯಾದರೆ ನೀರು ತಾಗಿಸಬೇಡಿ, ಅದು ಉಬ್ಬಿಬಿಡುತ್ತದೆ.

ಇನ್ನು ಹಳೆಯ ಬಣ್ಣದ ವಿಷಯ. ಬಣ್ಣ ಬೇಗ ಒಣಗಲಿ, ಹೊಳಪು ಬಹುಕಾಲ ಬಾಳಲಿ ಎಂದು ಹಿಂದೆ ಅದರಲ್ಲಿ ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಗಾಢ ಹಳದಿ, ಕೆಂಪು ಬಣ್ಣಗಳಲ್ಲಿ ಇದು ಸಾಮಾನ್ಯವಾಗಿತ್ತು. ಭಾರತ ಸರ್ಕಾರ 2016ರಲ್ಲಿ ನಿಯಮ ರೂಪಿಸಿ, ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ವಿಧಿಸಿತು. 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. ಆದ್ದರಿಂದ ಅದಕ್ಕಿಂತ ಹಿಂದೆ ಬಳಿದ ಬಣ್ಣದಲ್ಲಿ ಸೀಸ ಇರಬಹುದೆಂದೇ ಭಾವಿಸಿ ನಡೆಯುವುದು ಕ್ಷೇಮ.

ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣದಿಂದ ಅಪಾಯ ಕಡಿಮೆ. ಒಣಗಿದ್ದಾಗಲೇ ಉಜ್ಜಿದರೆ ಏಳುವ ಧೂಳೇ ವಿಷ. ಅದು ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ತಂಗಿ ಅಥವಾ ತಮ್ಮನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟಾದರೆ ಹಾನಿಯಿಲ್ಲ ಎನ್ನಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ಏನು ಮಾಡಬೇಕು? ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಮನೆಯ ಹೊರಗೆ ಕೆಲಸ ಮಾಡಿ. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ. ಎದ್ದ ಬಣ್ಣಕ್ಕೆ ನೀರು ಚಿಮುಕಿಸಿ, ಒದ್ದೆಯಿರುವಾಗಲೇ ಕೆರೆಯಿರಿ. ಗಟ್ಟಿಯಿರುವ ಬಣ್ಣವನ್ನು ತೆಗೆಯಲು ಹೋಗದೆ, ನೀರಿನಲ್ಲಿ ಬಳಸುವ ಮರಳುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಬೆಂಕಿಯಿಂದ ಸುಟ್ಟು ತೆಗೆಯಬೇಡಿ. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಚೂರುಗಳನ್ನು ಚೀಲದಲ್ಲಿ ಕಟ್ಟಿಡಿ. ಕೈ ತೊಳೆದು, ಬಟ್ಟೆ ಬದಲಿಸಿದ ಮೇಲೆಯೇ ಊಟಕ್ಕೆ ಕೂರಿ. ಮಗು ಕಚ್ಚಬಹುದಾದ ಹಳೆಯ ಬಣ್ಣದ ತೊಟ್ಟಿಲನ್ನಂತೂ ಬಳಸದಿರುವುದೇ ಲೇಸು.

ಮರ ಪೂರ್ತಿ ಒಣಗಲಿ. ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ದಿನ ಬೇಕು. ತೇವ ಒಳಗುಳಿದರೆ ಹೊಸ ಬಣ್ಣ ಗುಳ್ಳೆಯೇಳುತ್ತದೆ. ಬಿರುಕುಗಳಿಗೆ ಪುಟ್ಟಿ ತುಂಬಿ, ಒಣಗಿದ ನಂತರ ಆ ಜಾಗವನ್ನು ಮಾತ್ರ 220ನೇ ನಂಬರಿನ ನಯವಾದ ಕಾಗದದಿಂದ ನೀರು ಮುಟ್ಟಿಸಿ ಸಮ ಮಾಡಿ. ಮೇಲೆ ಒಂದು ಲೇಪ ಪ್ರೈಮರ್, ಆಮೇಲೆ ಬಣ್ಣ. ದಪ್ಪನಾದ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಮೇಲು. ದಪ್ಪ ಲೇಪದ ಮೇಲ್ಪದರ ಮೊದಲು ಒಣಗಿ, ಒಳಗಿನದು ಹಸಿಯಾಗಿಯೇ ಉಳಿದು ಸುಕ್ಕುಗಟ್ಟುತ್ತದೆ. ಹೊಸ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಬಗ್ಗೆ ಏನು ಬರೆದಿದೆ ಎಂದು ಓದಿ ನೋಡಿ.

ಹಳೆಯ ಸಾಮಾನನ್ನು ಉಳಿಸಿಕೊಂಡರೆ ಹಣವೂ ಉಳಿಯುತ್ತದೆ, ಮರವೂ ಉಳಿಯುತ್ತದೆ. ಈ ಉತ್ಸಾಹ ಮನೆಯ ಚಿಕ್ಕ ಮಕ್ಕಳ ಆರೋಗ್ಯಕ್ಕೆ ಕುತ್ತಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಮುಂದಿನ ರಜೆಯಲ್ಲಿ ಕುಂಚ ಹಿಡಿಯುವ ಮೊದಲು ಒಂದು ಬಕೆಟ್ ನೀರು ಪಕ್ಕದಲ್ಲಿರಲಿ.