ಫಿಲಾಸಫಿ ಓದಿದರೆ ಹೊಟ್ಟೆಗೇನು?

(ನಮ್ಮ ಊರಿನ ಕನ್ನಡ ಕೂಟದ ತಿಂಗಳ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ತಿಂಗಳ ಮಾತುಕತೆಗೆ ನನ್ನನ್ನು ಕರೆದವರು ಮೊದಲು ಕೇಳಿದ್ದು ಎಐ ಬಗ್ಗೆ ಮಾತಾಡಿ ಅಂತ. ಹಗಲೆಲ್ಲ ಅದರ ಜೊತೆ ಒದ್ದಾಡಿ ಶನಿವಾರವೂ ಅದೇ ಯಾಕೆ ಸ್ವಾಮಿ ಅಂತ ಹೇಳಿ ತಪ್ಪಿಸಿಕೊಂಡೆ. ಇವತ್ತು ನಾನು ಹೇಳಹೊರಟಿರುವುದು ನನ್ನ ಒಬ್ಬ ಗೆಳೆಯನ ನೌಕರಿಯ ಬಗ್ಗೆ. ಅವನು ಅಮೆರಿಕದ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಹೆಸರು ಹೇಳಬೇಡ ಅಂದಿದ್ದಾನೆ, ಹಾಗಾಗಿ ಅವನ ಹೆಸರನ್ನೂ ಹೇಳುವುದಿಲ್ಲ, ಕಾಲೇಜಿನ ಹೆಸರನ್ನೂ ಹೇಳುವುದಿಲ್ಲ.

ನಾವಿಬ್ಬರೂ ಮೈಸೂರಿನಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ಹಾಸ್ಟೆಲಿನಲ್ಲಿ ಒಂದೇ ರೂಮು. ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿ ಇಬ್ಬರೂ ಬೆಂಗಳೂರಿಗೆ ಬಂದೆವು. ಮೂರು ವರ್ಷ ಆದ ಮೇಲೆ ಒಂದು ದಿನ ಅವನು ಕೆಲಸ ಬಿಟ್ಟು ಅಮೆರಿಕಕ್ಕೆ ಹೋಗುತ್ತೇನೆ ಅಂದ. ಎಂಎಸ್ ಇರಬೇಕು ಅಂದುಕೊಂಡೆ. ಫಿಲಾಸಫಿಯಲ್ಲಿ ಪಿಎಚ್‌ಡಿ ಅಂದ. "ನಿನಗೆ ತಲೆ ಕೆಟ್ಟಿದೆಯಾ? ಫಿಲಾಸಫಿ ಓದಿದರೆ ಹೊಟ್ಟೆಗೇನು ಮಾಡ್ತೀಯೋ?" ಅಂತ ಬೈದೆ. ಅವನು ನಕ್ಕು ಸುಮ್ಮನಾದ. ಆಮೇಲೆ ನಾನೂ ಕಂಪನಿಯ ಕಡೆಯಿಂದ ಈ ದೇಶಕ್ಕೆ ಬಂದೆ. ವರ್ಷಕ್ಕೆ ನಾಲ್ಕು ಸಲ ಫೋನು, ಯುಗಾದಿಗೊಂದು ಶುಭಾಶಯ, ಅಷ್ಟೇ ಉಳಿದಿತ್ತು.

ಹೋದ ನವೆಂಬರಿನಲ್ಲಿ ಅವನೇ ಫೋನ್ ಮಾಡಿ, "ಒಂದು ರೆಸ್ಯೂಮೆ ಮಾಡಬೇಕಿತ್ತು ಕಣೋ, ಸಾಫ್ಟ್‌ವೇರ್ ಕೆಲಸಕ್ಕೆ" ಅಂದ. ದನಿಯಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಶಿಕಾಗೋದಿಂದ ಆರು ಗಂಟೆ ಕಾರು ಓಡಿಸಿಕೊಂಡು ಒಹಾಯೋದ ಅವನ ಊರಿಗೆ ಹೋದೆ. ಒಂದು ಮುಖ್ಯ ರಸ್ತೆ, ಎರಡು ಚರ್ಚು, ಒಂದು ಕಾಫಿ ಅಂಗಡಿ, ಆಮೇಲೆ ಕಾಲೇಜು. ಊರು ಅಂದರೆ ಅಷ್ಟೇ.

ಮೊದಲು ಈ ಲಿಬರಲ್ ಆರ್ಟ್ಸ್ ಕಾಲೇಜು ಅಂದರೇನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಲ್ಲಿ ಬಹಳ ಜನ ಆರ್ಟ್ಸ್ ಕಾಲೇಜು ಅಂದರೆ ಸೈನ್ಸ್ ಸೀಟು ಸಿಗದವರ ಜಾಗ ಅಂದುಕೊಂಡಿದ್ದೇವೆ. ಇಲ್ಲಿ ಹಾಗಲ್ಲ. ಇವು ಪದವಿ ಮಟ್ಟದ ಸಣ್ಣ ಕಾಲೇಜುಗಳು. ಗಣಿತ, ಭೌತಶಾಸ್ತ್ರ, ಇತಿಹಾಸ, ಸಂಗೀತ ಎಲ್ಲವೂ ಒಂದೇ ಸೂರಿನಡಿ. ವಿಲಿಯಮ್ಸ್ (1793), ಆಮ್ಹರ್ಸ್ಟ್ (1821), ಓಬರ್ಲಿನ್ (1833), ಸ್ವಾರ್ತ್‌ಮೋರ್ (1864) ಇವೆಲ್ಲ ಈ ಜಾತಿಯವು. ಇಲ್ಲಿ ಸಂಶೋಧನೆಗಿಂತ ಪಾಠವೇ ಮೇಷ್ಟ್ರ ಮೊದಲ ಕೆಲಸ. ವಿಲಿಯಮ್ಸ್ ಕಾಲೇಜಿನಲ್ಲಿ ಮಾರ್ಕ್ ಹಾಪ್ಕಿನ್ಸ್ ಅಂತ ಒಬ್ಬರಿದ್ದರು. ಓದಿದ್ದು ವೈದ್ಯಕೀಯ, ಆದರೆ 1830ರಲ್ಲಿ ನೀತಿಶಾಸ್ತ್ರದ ಪಾಠ ಹೇಳಲು ಬಂದು, 1836ರಿಂದ 1872ರವರೆಗೆ ಕಾಲೇಜಿನ ಅಧ್ಯಕ್ಷರೂ ಆಗಿ, 1887ರಲ್ಲಿ ಸಾಯುವವರೆಗೂ ಪಾಠ ಬಿಡಲಿಲ್ಲ. ಅವರ ಶಿಷ್ಯ ಗಾರ್ಫೀಲ್ಡ್, ಮುಂದೆ 1881ರಲ್ಲಿ ಈ ದೇಶದ ಅಧ್ಯಕ್ಷನಾದವನು. ಒಂದು ಮರದ ದಿಮ್ಮಿಯ ಈ ತುದಿಯಲ್ಲಿ ಹಾಪ್ಕಿನ್ಸ್, ಆ ತುದಿಯಲ್ಲಿ ಒಬ್ಬ ವಿದ್ಯಾರ್ಥಿ ಕೂತರೆ ಅದೇ ಕಾಲೇಜು ಅನ್ನುವ ಅರ್ಥದ ಮಾತನ್ನು ಅವನು ಆಡಿದ ಅಂತ ಇಲ್ಲಿಯವರು ಇವತ್ತಿಗೂ ಹೇಳುತ್ತಾರೆ. ನಮಗೆ ಇದು ಹೊಸದಲ್ಲ. ಗುರುವಿನ ಎದುರು ಕೂತು ಕಲಿಯುವುದು ಅಂದರೆ ನಮ್ಮಲ್ಲೂ ಅದೇ.

ಮಾರನೆಯ ದಿನ ಅವನ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಹದಿನಾರು ಜನ ಹುಡುಗರು ಹುಡುಗಿಯರು. ಅವತ್ತಿನ ಪಾಠ ತರ್ಕ. ಅವನು ಶುರು ಮಾಡಿದ್ದು ನಮ್ಮ ನ್ಯಾಯಶಾಸ್ತ್ರದಿಂದ. ಬೆಟ್ಟದ ಮೇಲೆ ಬೆಂಕಿ ಇದೆ. ಯಾಕೆ? ಹೊಗೆ ಇದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ. ಆದ್ದರಿಂದ ಇಲ್ಲೂ ಬೆಂಕಿ ಇದೆ. ಐದು ಹೆಜ್ಜೆ. ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದ. ಆಮೇಲೆ ತಿರುಗಿಸಿ ಕೇಳಿದ: "ಹಾಗಾದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ?" ಅರ್ಧ ಕ್ಲಾಸು ಹೌದು ಅಂತು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿದೆ ಅಂದ. ಇದು ನಮ್ಮ ತಾರ್ಕಿಕರು ನೂರಾರು ವರ್ಷಗಳಿಂದ ಕೊಡುತ್ತಾ ಬಂದ ಉದಾಹರಣೆ. ಕ್ಲಾಸು ಸುಮ್ಮನಾಯಿತು. ಅಷ್ಟರಲ್ಲಿ ಬೇಸ್‌ಬಾಲ್ ಟೋಪಿ ಹಾಕಿದ್ದ ಒಬ್ಬ ಹುಡುಗ ಕೈ ಎತ್ತಿದ. "ನಮ್ಮ ಹೊಲದಲ್ಲಿ ಬೆಳಿಗ್ಗೆ ಎದ್ದರೆ ದೂರದಲ್ಲಿ ಬೆಳ್ಳಗೆ ಕಾಣುತ್ತೆ, ಹೊಗೆಯೋ ಮಂಜೋ ಗೊತ್ತಾಗಲ್ಲ. ಆಗ ಏನು ಮಾಡಬೇಕು?" ನನ್ನ ಗೆಳೆಯನ ಮುಖ ನೋಡಬೇಕಿತ್ತು! ಆ ಅನುಮಾನಕ್ಕೆ ನಮ್ಮ ಹಳೆಯ ತರ್ಕ ಗ್ರಂಥಗಳಲ್ಲಿ ಒಂದು ಹೆಸರೇ ಇದೆ, ಸಂದಿಗ್ಧಾಸಿದ್ಧ ಅಂತ. ಒಹಾಯೋದ ರೈತನ ಮಗ ಆ ಪ್ರಶ್ನೆಯನ್ನು ತಾನೇ ಕಂಡುಕೊಂಡಿದ್ದ.

ನಾನು ಹತ್ತಕ್ಕೂ ಹೆಚ್ಚು ವರ್ಷಗಳಿಂದ ಕೋಡ್ ಬರೆಯುತ್ತಿದ್ದೇನೆ. ಸಿಸ್ಟಮ್ ಕೆಟ್ಟು ಕೂತಾಗ ನಾವು ಮಾಡುವುದೂ ಇದೇ ತಾನೇ? ಅಲಾರಂ ಬಂತು, ಸರ್ವರ್ ಬಿದ್ದಿದೆ ಅನ್ನುತ್ತೇವೆ. ಅದು ಹೊಗೆಯೋ ಮಂಜೋ ಅಂತ ಮೊದಲು ನೋಡು ಅಂತ ನನಗೆ ಯಾವ ಕಾಲೇಜಿನಲ್ಲೂ ಯಾರೂ ಹೇಳಿಕೊಡಲಿಲ್ಲ. ಇನ್ನೊಂದು ಮಾತು. ಜಾರ್ಜ್ ಬೂಲ್ ತನ್ನ ತರ್ಕದ ಪುಸ್ತಕ ಹೊರತಂದದ್ದು 1854ರಲ್ಲಿ. ಅದನ್ನು ವಿದ್ಯುತ್ ಸ್ವಿಚ್ಚುಗಳಿಗೆ ಹೊಂದಿಸಿ ತೋರಿಸಿದ ಕ್ಲಾಡ್ ಶಾನನ್‌ನ ಪ್ರಬಂಧ 1937ರದ್ದು. ಆತ ಆ ತರ್ಕವನ್ನು ಕಲಿತದ್ದು ಮಿಶಿಗನ್‌ನಲ್ಲಿ ಓದುವಾಗ, ಒಂದು ಫಿಲಾಸಫಿ ಕ್ಲಾಸಿನಲ್ಲಿ. ನಮ್ಮೆಲ್ಲರ ಹೊಟ್ಟೆಗೆ ಹಿಟ್ಟು ಬರುತ್ತಿರುವುದರ ಹಿಂದೆ ಒಬ್ಬ ಫಿಲಾಸಫಿ ಮೇಷ್ಟ್ರ ಪಾಲೂ ಇದೆ ಅಂದ ಹಾಗಾಯಿತು.

ಈ ನೌಕರಿಗೆ ಬರುವ ದಾರಿ ಸುಲಭದ್ದಲ್ಲ. ಪಿಎಚ್‌ಡಿಗೆ ಐದರಿಂದ ಏಳು ವರ್ಷ, ಕೈಗೆ ಸಿಗುವ ಸ್ಟೈಪೆಂಡು ಬಾಡಿಗೆಗೂ ಊಟಕ್ಕೂ ಸರಿ. ಆಮೇಲೆ ಕೆಲಸದ ಬೇಟೆ. ಹಿಂದೆ ಕ್ರಿಸ್‌ಮಸ್ ಮುಗಿದ ಮಾರನೆ ದಿನಗಳಲ್ಲಿ ಯಾವುದೋ ಊರಿನ ಹೋಟೆಲಿನಲ್ಲಿ ತತ್ವಶಾಸ್ತ್ರ ಸಂಘದ ಸಮ್ಮೇಳನ ನಡೆಯುತ್ತಿತ್ತು, ಅಲ್ಲೇ ಸಂದರ್ಶನ. ಈಗ ಬಹುಪಾಲು ವಿಡಿಯೋದಲ್ಲಿ. ನನ್ನ ಗೆಳೆಯ ಎರಡು ವರ್ಷದಲ್ಲಿ ತೊಂಬತ್ತು ಅರ್ಜಿ ಹಾಕಿದ್ದ. ಮೊದಲು ಒಂದು ವರ್ಷದ ತಾತ್ಕಾಲಿಕ ಕೆಲಸ, ನಂತರ ಇದು, ಟೆನ್ಯೂರ್ ದಾರಿಯ ಹುದ್ದೆ. ಟೆನ್ಯೂರ್ ಅಂದರೆ ಕಾಯಂ ಆಗುವುದು. ಸಾಮಾನ್ಯವಾಗಿ ಆರನೇ ವರ್ಷ ಪರೀಕ್ಷೆ. ಪಾಠ, ಬರಹ, ಕಾಲೇಜಿನ ಸೇವೆ ಮೂರನ್ನೂ ತೂಗಿ ನೋಡುತ್ತಾರೆ. ಪಾಸಾದರೆ ನಿವೃತ್ತಿಯವರೆಗೂ ಭದ್ರ, ಇಲ್ಲವಾದರೆ ಸಾಮಾನ್ಯವಾಗಿ ಇನ್ನೊಂದು ವರ್ಷ ಇದ್ದು ಗಂಟುಮೂಟೆ ಕಟ್ಟಬೇಕು.

ಈ ಕಾಯಂ ಪದ್ಧತಿ ಸೋಮಾರಿಗಳಿಗಾಗಿ ಹುಟ್ಟಿದ್ದಲ್ಲ. 1900ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ರಾಸ್ ಎಂಬ ಪ್ರಾಧ್ಯಾಪಕರ ಅಭಿಪ್ರಾಯ ಸಂಸ್ಥಾಪಕರ ಮನೆಯವರಿಗೆ ಹಿಡಿಸದೆ ಅವರು ಕೆಲಸ ಬಿಡಬೇಕಾಯಿತು. ಅದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ಒಬ್ಬರು ಆರ್ಥರ್ ಲವ್‌ಜಾಯ್, ಫಿಲಾಸಫಿ ಮೇಷ್ಟ್ರು. ಅವರೂ ಜಾನ್ ಡ್ಯೂಯಿಯೂ ಮುಂದೆ ನಿಂತು 1915ರಲ್ಲಿ ಪ್ರಾಧ್ಯಾಪಕರ ಸಂಘ ಕಟ್ಟಿದರು. ಡ್ಯೂಯಿ ಕೂಡ ಫಿಲಾಸಫಿಯವರೇ! ಆ ಸಂಘದ 1940ರ ಹೇಳಿಕೆಯೇ ಇವತ್ತಿನ ಟೆನ್ಯೂರ್ ಪದ್ಧತಿಗೆ ಆಧಾರ. ಮೇಲಿನವರಿಗೆ ಇಷ್ಟವಾಗದ ಮಾತನ್ನೂ ಆಡುವ ಮೇಷ್ಟ್ರು ಉಳಿಯಬೇಕು ಅನ್ನುವುದು ಅದರ ತಿರುಳು.

ಆದರೆ ಕಾಲೇಜೇ ಉಳಿಯದಿದ್ದರೆ? ಗ್ರೀನ್ ಮೌಂಟನ್ ಕಾಲೇಜು 2019ರಲ್ಲಿ ಮುಚ್ಚಿತು, ಮಾರ್ಲ್‌ಬೊರೊ 2020ರಲ್ಲಿ, ವೆಲ್ಸ್ 2024ರಲ್ಲಿ. ಮುಚ್ಚದ ಕಾಲೇಜುಗಳೂ ಖರ್ಚು ಕಡಿಮೆ ಮಾಡಲು ಹೊರಟಾಗ ಮೊದಲು ಕಣ್ಣು ಹಾಕುವ ವಿಭಾಗಗಳಲ್ಲಿ ಫಿಲಾಸಫಿ ಒಂದು. ನನ್ನ ಗೆಳೆಯನಿಗೆ ಬಂದ ಕಾಗದವೂ ಅದೇ. ಮೂರು ಜನರ ವಿಭಾಗವನ್ನು ಒಬ್ಬರಿಗೆ ಇಳಿಸುತ್ತೇವೆ, ಮುಂದಿನ ವರ್ಷದ ಕೊನೆಗೆ ನಿಮ್ಮ ಹುದ್ದೆ ಇರುವುದಿಲ್ಲ. ಅವನಿಗೆ ಅದು ಐದನೇ ವರ್ಷ. ಪರೀಕ್ಷೆಗೆ ಕೂರುವ ಮುಂಚೆಯೇ ಶಾಲೆ ಮುಚ್ಚಿದ ಹಾಗೆ. ವೀಸಾ ಕಷ್ಟ ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಕೆಲಸ ಹೋದರೆ ಅರವತ್ತು ದಿನ, ಅಷ್ಟೇ.

ರಾತ್ರಿ ಇಬ್ಬರೂ ರೆಸ್ಯೂಮೆ ಮಾಡಲು ಕೂತೆವು. ಅಷ್ಟರಲ್ಲಿ ಹಾಸನದಿಂದ ಅವನ ಅಮ್ಮನ ಫೋನು. ಸ್ಪೀಕರಿನಲ್ಲಿ ನನ್ನ ದನಿ ಕೇಳಿ, "ನೀನಾದ್ರೂ ಹೇಳಪ್ಪ ಇವನಿಗೆ. ಮತ್ತೆ ಕಂಪನಿ ಸೇರ್ಕೊಳ್ಳೋಕೆ ಆಗಲ್ವಾ?" ಅಂದರು. ಆಗುತ್ತೆ ಅಮ್ಮ ಅಂದೆ. ಆಗುತ್ತದೆ ಕೂಡ, ಅವನು ಬುದ್ಧಿವಂತ. ಫೋನಿಟ್ಟ ಮೇಲೆ ಅವನು ಕಿಟಕಿಯ ಕಡೆ ನೋಡುತ್ತಾ, "ಆ ಟೋಪಿ ಹುಡುಗ ಮುಂದಿನ ಸೆಮಿಸ್ಟರಿಗೂ ನನ್ನ ಕ್ಲಾಸು ತಗೊಂಡಿದ್ದಾನೆ ಕಣೋ" ಅಂದ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಆ ರಾತ್ರಿ ರೆಸ್ಯೂಮೆ ಮುಗಿಯಲಿಲ್ಲ.

ಅವನ ಮೇಜಿನ ಮೇಲೆ ಒಂದು ಹಳೆಯ ಪುಸ್ತಕ ಇತ್ತು. ಎಂ. ಹಿರಿಯಣ್ಣನವರು ಭಾರತೀಯ ತತ್ವಶಾಸ್ತ್ರದ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದು, 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಅದು ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ಮೈಸೂರಿನ ಕ್ಲಾಸ್‌ರೂಮಿನಲ್ಲಿ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾಯಿತು. ಅದರ ಮಹಾರಾಜ ಕಾಲೇಜಿನಲ್ಲಿ ಹಿರಿಯಣ್ಣನವರು ವರ್ಷಗಟ್ಟಲೆ ಹೇಳಿದ ಪಾಠಗಳೇ ಆ ಪುಸ್ತಕ. ಅಲ್ಲೇ 1918ರಿಂದ 1921ರವರೆಗೆ ರಾಧಾಕೃಷ್ಣನ್ ಪಾಠ ಹೇಳಿದರು. ಅವರು ಕಲ್ಕತ್ತಾಕ್ಕೆ ಹೊರಟಾಗ ಹುಡುಗರು ಕುದುರೆ ಬಿಚ್ಚಿ ತಾವೇ ಸಾರೋಟು ಎಳೆದುಕೊಂಡು ರೈಲು ನಿಲ್ದಾಣಕ್ಕೆ ಬಿಟ್ಟು ಬಂದರು ಅಂತ ಹೇಳುತ್ತಾರೆ. ಅದೇ ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದ ಎಸ್. ಎಲ್. ಭೈರಪ್ಪನವರು ಹುಬ್ಬಳ್ಳಿ, ಗುಜರಾತ್, ದೆಹಲಿ, ಮೈಸೂರುಗಳಲ್ಲಿ ಮೇಷ್ಟ್ರಾಗಿದ್ದು 1991ರಲ್ಲಿ ನಿವೃತ್ತರಾದರು. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ನಾವೆಲ್ಲ ಕಾದಂಬರಿಕಾರರು ಹೋದರು ಅಂತ ಅತ್ತೆವು. ಒಬ್ಬ ಫಿಲಾಸಫಿ ಮೇಷ್ಟ್ರು ಹೋದರು ಅಂತ ಎಷ್ಟು ಜನ ನೆನೆದೆವು?

ನಾನು ಆ ಕಾಲೇಜಿನ ಮುಂದೆ ನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೆ. ಒಂದು ದಿನವೂ ಇಳಿದು ಒಳಗೆ ಹೋಗಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಅಕ್ಕ ಫೋನ್ ಮಾಡಿದ್ದಳು. ಮಗಳು ಪಿಯುಸಿ ಮುಗಿಸಿ ಬಿಎ ಫಿಲಾಸಫಿ ಅಂತ ಹಟ ಹಿಡಿದಿದ್ದಾಳೆ, ನೀನು ಹೇಳಿದರೆ ಕೇಳುತ್ತಾಳೆ ಅಂತ. ನಾನು ಹೇಳಿದೆ. ಮೊದಲು ಬಿಇ ಮಾಡು ಪುಟ್ಟ, ಆಮೇಲೆ ಏನು ಬೇಕಾದರೂ ಓದು ಅಂದೆ. ಅವಳು ಕೇಳಿದಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದಳು. ಒಹಾಯೋದಿಂದ ವಾಪಸ್ ಬಂದ ದಿನವೇ ಅವಳಿಗೆ ಫೋನ್ ಮಾಡಿ ಕ್ಲಾಸಿನ ಕಥೆ, ಹೊಗೆ ಮಂಜಿನ ಕಥೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದಳು: "ಇದನ್ನ ಈಗ ಹೇಳ್ತಿದೀರಾ ಮಾಮ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲ್ಲರೂ ಕೆಲಸ ಬಿಟ್ಟು ಫಿಲಾಸಫಿ ಓದಿ ಅಂತ ನಾನು ಹೇಳುತ್ತಿಲ್ಲ. ಗೆಳೆಯನ ಕಥೆ ಕೇಳಿದ ಮೇಲೆ ಹಾಗೆ ಹೇಳಲು ಧೈರ್ಯವೂ ಇಲ್ಲ. ಹೊಟ್ಟೆಪಾಡಿನ ಪ್ರಶ್ನೆ ಸುಳ್ಳಲ್ಲ. ಆದರೆ ಆ ಪ್ರಶ್ನೆಯನ್ನು ಮಕ್ಕಳ ಬಾಯಿ ಮುಚ್ಚಿಸಲು ಬಳಸಿದವರು ನಾವು. ಊರಿನಲ್ಲಿ ಅಪ್ಪ ಅಮ್ಮಂದಿರು "ಅಮೆರಿಕದಲ್ಲಿರುವ ಇವನೇ ಹೇಳಿದ" ಅಂತ ನಮ್ಮ ಮಾತನ್ನು ಮುಂದಿಡುತ್ತಾರೆ. ಆ ಮಾತಿಗೆ ತೂಕ ಇದೆ. ಹಾಗಾಗಿ ಮುಂದಿನ ಸಲ ಇಂಥ ಫೋನು ಬಂದರೆ, ಬೇಡ ಅನ್ನುವ ಮುಂಚೆ ಆ ಮಗುವನ್ನು ಯಾಕೆ ಅಂತ ಒಂದು ಮಾತು ಕೇಳಿ.

ಎರಡನೆಯದು, 2015ರಲ್ಲಿ ವರ್ಜೀನಿಯಾದ ಸ್ವೀಟ್ ಬ್ರಯರ್ ಕಾಲೇಜು ಮುಚ್ಚುತ್ತೇವೆ ಅಂತ ಸಾರಿದಾಗ ಅದರ ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿ, ಕೋರ್ಟಿಗೂ ಹೋಗಿ ಉಳಿಸಿಕೊಂಡರು. ಅದು ಇವತ್ತಿಗೂ ನಡೆಯುತ್ತಿದೆ. ನಾವು ಓದಿದ ಕಾಲೇಜುಗಳಿಗೆ ಕಂಪ್ಯೂಟರ್ ಲ್ಯಾಬು ಕೊಡಿಸುತ್ತೇವೆ, ಒಳ್ಳೆಯದೇ. ನಮ್ಮ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ತತ್ವಶಾಸ್ತ್ರಕ್ಕೆ ಮೇಷ್ಟ್ರು ಇದ್ದಾರೆಯೇ, ಲೈಬ್ರರಿಯಲ್ಲಿ ನಾಲ್ಕು ಒಳ್ಳೆಯ ಪುಸ್ತಕ ಇದೆಯೇ ಅಂತಲೂ ಒಮ್ಮೆ ವಿಚಾರಿಸೋಣ.

ಮೂರನೆಯದು ಶುರುವಾಗಿಬಿಟ್ಟಿದೆ. ಜನವರಿಯಿಂದ ಶನಿವಾರ ಬೆಳಿಗ್ಗೆ ಒಂದು ಗಂಟೆ ನನ್ನ ಗೆಳೆಯ ವಿಡಿಯೋದಲ್ಲಿ ಕನ್ನಡದಲ್ಲಿ ತರ್ಕದ ಪಾಠ ಹೇಳುತ್ತಿದ್ದಾನೆ. ಎಂಟು ಜನ ಇದ್ದೇವೆ. ಪಾಠದ ಟಿಪ್ಪಣಿಗಳನ್ನು ಒಟ್ಟು ಮಾಡಿ ಪಿಯುಸಿ ಹುಡುಗರಿಗೆ ಅರ್ಥವಾಗುವಂಥ ಒಂದು ಸಣ್ಣ ಕನ್ನಡ ಪುಸ್ತಕ ಮಾಡುವ ಆಸೆ ಇದೆ. ಬೆಂಗಳೂರಿನಿಂದ ಅಕ್ಕನ ಮಗಳೂ ಸೇರಿದ್ದಾಳೆ. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವವಳು ಅವಳೇ.

ಗೆಳೆಯನ ನೌಕರಿ ಏನಾಯಿತು ಅಂತ ನೀವು ಕೇಳಬಹುದು. ಅವನ ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಪತ್ರ ಬರೆದರು. ಒಂದು ವರ್ಷ ಹೆಚ್ಚಿಗೆ ಕೊಟ್ಟಿದ್ದಾರೆ, ಅಷ್ಟೇ. ಆಮೇಲೆ ಏನು ಅಂತ ಅವನಿಗೂ ಗೊತ್ತಿಲ್ಲ. ರೆಸ್ಯೂಮೆ ನನ್ನ ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೇ ಇದೆ. ಬೇಕಾದರೆ ಮುಗಿಸಿ ಕೊಡುತ್ತೇನೆ. ಬೇಕಾಗದಿರಲಿ ಅಂತ ನನ್ನ ಆಸೆ.

ಶನಿವಾರದ ಪಾಠಕ್ಕೆ ಬರುವವರು ಸಭೆ ಮುಗಿದ ಮೇಲೆ ನನಗೆ ಸಿಗಿ. 

ಸಿರಿಗನ್ನಡಂ ಗೆಲ್ಗೆ.