ಅಕಸ್ಮಾತ್ ಹಂಗಾದ್ರೆ?: ತಲೆ ತಿನ್ನೋ ಯೋಚನೆಗಳನ್ನ ಯಾರ ಹತ್ರ ಹೇಳೋದು

ಹೋದ ಸಂಚಿಕೆಯಲ್ಲಿ ಸಂಬಳದ ಸ್ಲಿಪ್ ಓದೋದು ಹೇಗೆ ಅಂತ ಮಾತಾಡಿದ್ವಿ. ಇವತ್ತಿನ ವಿಷಯಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಇಯರ್‌ಫೋನ್ ಹಾಕ್ಕೊಂಡೇ ಕೇಳಿ, ಯಾಕಂದ್ರೆ ಇವತ್ತು ಮಾತಾಡೋದು ಸಾಮಾನ್ಯವಾಗಿ ನಾವು ಯಾರ ಮುಂದೆಯೂ ಬಾಯಿ ಬಿಡದ ಯೋಚನೆಗಳ ಬಗ್ಗೆ.

ಈ ಯೋಚನೆಗಳೆಲ್ಲ ಶುರುವಾಗೋದು ಒಂದೇ ಪದದಿಂದ: ಅಕಸ್ಮಾತ್. ಅಕಸ್ಮಾತ್ ಗ್ಯಾಸ್ ಆಫ್ ಮಾಡಿಲ್ದೇ ಇದ್ರೆ? ಅಕಸ್ಮಾತ್ ಈ ತಲೆನೋವು ಬ್ರೈನ್ ಟ್ಯೂಮರ್ ಆಗಿದ್ರೆ? ನಾನು ಒಂದು ಟ್ಯಾಕ್ಸ್ ಆಫೀಸಲ್ಲಿ ಕೆಲಸ ಮಾಡ್ತಿದ್ದಾಗ ನನ್ನ ಅಕಸ್ಮಾತ್ ಜಿಎಸ್‌ಟಿ ರಿಟರ್ನ್ ಮೇಲಿತ್ತು. ಫೈಲ್ ಮಾಡಿ ಆಗಿದೆ, ಅಕ್ನಾಲೆಜ್ಮೆಂಟ್ ಬಂದಿದೆ, ಕ್ಲೈಂಟ್‌ಗೆ ಕಳಿಸಿಯೂ ಆಗಿದೆ. ರಾತ್ರಿ ಹಾಸಿಗೆಗೆ ಬಿದ್ದ ತಕ್ಷಣ, ಅಕಸ್ಮಾತ್ ಒಂದು ಸೊನ್ನೆ ಜಾಸ್ತಿ ಹೊಡೆದಿದ್ರೆ? ಅಲ್ಲಿಂದ ನೋಟಿಸು, ನೋಟಿಸಿನಿಂದ ಕೆಲಸ ಹೋಗೋದು. ಹನ್ನೊಂದು ಗಂಟೆಗೆ ಹೊರಟ ಯೋಚನೆ ಹನ್ನೊಂದೂಕಾಲಿಗೆಲ್ಲ ಪರಪ್ಪನ ಅಗ್ರಹಾರ ಜೈಲು ತಲುಪಿರ್ತಿತ್ತು. ಎದ್ದು ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ಎಲ್ಲ ಸರಿಯಾಗೇ ಇರ್ತಿತ್ತು. ಹತ್ತು ನಿಮಿಷ ಸಮಾಧಾನ. ಆಮೇಲೆ, ನಾನು ಸರಿಯಾಗಿ ನೋಡಿದ್ನಾ?

ಗ್ಯಾಸಿಂದೂ ಅದೇ ಕಥೆ. ಮನೆಯಿಂದ ಹೊರಡೋ ಮುಂಚೆ ರೆಗ್ಯುಲೇಟರ್ ಫೋಟೋ ತೆಗೆದು ಇಟ್ಕೊಳ್ತಿದ್ದೆ. ಬಸ್ಸಲ್ಲಿ ಕೂತು ಫೋಟೋ ನೋಡೋದು. ಆಮೇಲೆ ಇದು ಇವತ್ತಿನ ಫೋಟೋನಾ ಅಂತ ಡೇಟ್ ನೋಡೋದು. ನನ್ನ ಗ್ಯಾಲರಿಯಲ್ಲಿ ಅಪ್ಪ ಅಮ್ಮನ ಫೋಟೋಗಿಂತ ರೆಗ್ಯುಲೇಟರ್ ಫೋಟೋಗಳೇ ಜಾಸ್ತಿ ಇದ್ವು. ಇದನ್ನ ಹೇಳಿದ್ರೆ ಜನ ನಗ್ತಾರೆ, ನಾನೂ ನಗ್ತೀನಿ.

ನಗು ಬರದೇ ಇರೋದು ಇನ್ನೊಂದಿತ್ತು. ಮೆಜೆಸ್ಟಿಕ್ ಮೆಟ್ರೋ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿದ್ದೆ, ಟ್ರೈನ್ ಬರ್ತಿತ್ತು, ಮುಂದೆ ಯಾರೋ ವಯಸ್ಸಾದೋರು ನಿಂತಿದ್ರು. ಅಕಸ್ಮಾತ್ ನಾನೇ ಇವರನ್ನ ತಳ್ಳಿಬಿಟ್ರೆ? ಅಷ್ಟೇ, ಒಂದೇ ಸೆಕೆಂಡ್. ಕೈ ಜೇಬಿಗೆ ಹಾಕ್ಕೊಂಡು ಗೋಡೆಗೆ ಒರಗಿ ನಿಂತೆ. ಮಾರನೇ ದಿನವೂ ಅದೇ ಬಂತು. ನಾಲ್ಕು ತಿಂಗಳು ಮೆಟ್ರೋ ಹತ್ತಲಿಲ್ಲ. ಬಿಎಂಟಿಸಿಯಲ್ಲಿ ಒಂದೂವರೆ ಗಂಟೆ ಹೋಗ್ತಿದ್ದೆ. ಗ್ಯಾಸ್ ವಿಷಯ ಯಾರಿಗಾದ್ರೂ ಹೇಳಬಹುದು. ಇದನ್ನ ಹೆಂಗೆ ಹೇಳೋದು? ಕೇಳಿದೋರು ನನ್ನನ್ನ ಏನಂದ್ಕೊಳ್ತಾರೆ? ನಾನೇ ನನ್ನನ್ನ ಏನಂದ್ಕೊಳ್ಳಲಿ?

ಇಂಥದ್ದೇ ಯೋಚನೆ ಇಟ್ಕೊಂಡು ಕೇಳ್ತಾ ಇರೋರು ಇದ್ರೆ, ಈ ಒಂದು ವಿಷಯ ತಿಳ್ಕೊಳ್ಳಿ. 1978ರಲ್ಲಿ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವಾ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು, ಯಾವ ಮಾನಸಿಕ ತೊಂದರೆಯೂ ಇಲ್ಲದ ಸಾಮಾನ್ಯ ಜನರನ್ನ ಕೇಳಿ ನೋಡಿದ್ರು. ಬೇಡದ, ಕೆಟ್ಟ, ಹಿಂಸೆಯ ಯೋಚನೆಗಳು ತಾವಾಗೇ ಬರ್ತವಾ ಅಂತ. ಹತ್ತರಲ್ಲಿ ಸುಮಾರು ಎಂಟು ಜನ ಹೂಂ ಅಂದ್ರು. ಬೇರೆ ಬೇರೆ ದೇಶಗಳಲ್ಲಿ ಆಮೇಲೆ ನಡೆದ ಅಧ್ಯಯನಗಳಲ್ಲೂ ಇಂಥ ಯೋಚನೆಗಳು ತುಂಬಾ ಸಾಮಾನ್ಯ ಅಂತಲೇ ಕಂಡುಬಂತು. ಅಂದ್ರೆ ಆ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿದ್ದವರಲ್ಲಿ ಎಷ್ಟೋ ಜನಕ್ಕೆ ಒಂದಲ್ಲ ಒಂದು ದಿನ ಅದೇ ಯೋಚನೆ ಬಂದಿರುತ್ತೆ. ಅವರು 'ಥೂ, ಏನಪ್ಪಾ ಇದು' ಅಂದು ರೀಲ್ಸ್ ನೋಡೋಕೆ ಹೋಗ್ತಾರೆ. ನಮ್ಮಂಥವರು ಮಾತ್ರ ಅದನ್ನ ಹಿಡಿದು, ಕೂರಿಸಿ, ವಿಚಾರಣೆ ಮಾಡ್ತೀವಿ.

ಮತ್ತೆ, ಬೇಡ ಅಂದಷ್ಟೂ ಅದು ಬರುತ್ತೆ. ಮದ್ದು ಕುಡಿಯುವಾಗ ಮಂಗನ್ನ ನೆನೆಸ್ಕೋಬೇಡ ಅಂತ ವೈದ್ಯ ಹೇಳಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ ಡೇನಿಯಲ್ ವೆಗ್ನರ್ ಅನ್ನೋರು 1987ರಲ್ಲಿ ಹೆಚ್ಚುಕಮ್ಮಿ ಇದನ್ನೇ ಪ್ರಯೋಗ ಮಾಡಿದ್ರು. ಮಂಗ ಅಲ್ಲ, ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿ ಬಗ್ಗೆ ಯೋಚನೆ ಮಾಡಬೇಡಿ, ಬಂದ್ರೆ ಗಂಟೆ ಬಾರಿಸಿ ಅಂದ್ರು. ಗಂಟೆ ಹೊಡೀತಾನೇ ಇತ್ತು. ಇನ್ನೂ ಮಜಾ ಅಂದ್ರೆ, ಆಮೇಲೆ ಈಗ ಯೋಚನೆ ಮಾಡಿ ಅಂದಾಗ, ಮೊದಲು ತಡೆದುಕೊಂಡಿದ್ದ ಗುಂಪಿಗೇ ಕರಡಿ ಜಾಸ್ತಿ ಬಂತು. ನಮ್ಮಜ್ಜಿಯರಿಗೆ ಮೊದಲೇ ಗೊತ್ತಿತ್ತು ಅಂತ ಜಂಬ ಕೊಚ್ಕೊಳ್ಳೋಕೆ ಇದೊಂದು ಒಳ್ಳೆ ಜಾಗ.

ಈಗ ಯಾರ ಹತ್ರ ಹೇಳೋದು ಅನ್ನೋ ವಿಷಯ. ನಾನು ಮೊದಲು ಹೇಳಿದ್ದು ರೂಮ್‌ಮೇಟ್‌ಗೆ, ಗ್ಯಾಸ್ ವಿಷಯ ಮಾತ್ರ. "ಅಯ್ಯೋ ಬಿಡು ಮಗಾ, ನಂಗೂ ಓಸಿಡಿ, ಚಪ್ಪಲಿ ನೇರ ಇಡ್ಲಿಲ್ಲ ಅಂದ್ರೆ ಆಗಲ್ಲ" ಅಂದ. ಒಳ್ಳೆ ಹುಡುಗ, ಆದ್ರೆ ಮಾತು ಅಲ್ಲಿಗೇ ಮುಗೀತು. ಅಮ್ಮನಿಗೆ ನಿದ್ದೆ ಬರ್ತಿಲ್ಲ ಅಂತ ಅಷ್ಟೇ ಹೇಳಿದೆ. ಊರಿಗೆ ಹೋದಾಗ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ್ರು. ಇದನ್ನ ಆಡಿಕೊಳ್ಳೋ ಪಾಡ್‌ಕಾಸ್ಟ್‌ಗಳು ಬೇಕಾದಷ್ಟಿವೆ, ನಾನು ಆಡಿಕೊಳ್ಳಲ್ಲ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ನನಗೋಸ್ಕರ ಒಬ್ರು ಏನೋ ಮಾಡಿದ್ರಲ್ಲ.

ಪೂರ್ತಿ ಹೇಳಿದ್ದು ಚಿಕ್ಕಮ್ಮನ ಮಗಳಿಗೆ. ಹಾಸನದ ಹತ್ರ ಹೈಸ್ಕೂಲ್ ಟೀಚರ್. ಮೆಟ್ರೋ ವಿಷಯ ಹೇಳಿ ಮುಗಿಸೋ ಹೊತ್ತಿಗೆ ನನ್ನ ಗಂಟಲು ಒಣಗಿತ್ತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ನಾನು ಬರೀ ಕೇಳಿಸ್ಕೊಳ್ಳಲೋ, ಏನಾದ್ರೂ ಹೇಳಲೋ?" ಅಂದ್ಲು. ಬರೀ ಕೇಳಕ್ಕಾ ಅಂದೆ. ಕೇಳಿದ್ಲು. ಕೊನೆಗೆ, "ನಾಲ್ಕು ತಿಂಗಳಿಂದ ಒಬ್ಬನೇ ಹೊತ್ಕೊಂಡು ಓಡಾಡಿದೀಯಲ್ಲೋ" ಅಂದ್ಲು. ನೀನು ಅಂಥವನಲ್ಲ ಬಿಡೋ ಅಂತ ಹೇಳಲಿಲ್ಲ. ಆಗ ಹೇಳಿದ್ರೆ ಚೆನ್ನಾಗಿತ್ತು ಅನ್ನಿಸ್ತು. ಹೇಳದೇ ಇದ್ದಿದ್ದೇ ಒಳ್ಳೇದಾಯ್ತು ಅಂತ ಆಮೇಲೆ ಗೊತ್ತಾಯ್ತು.

ಯಾಕಂದ್ರೆ 'ಏನೂ ಆಗಲ್ಲ ಬಿಡು' ಅನ್ನೋ ಮಾತೂ ರೆಗ್ಯುಲೇಟರ್ ಫೋಟೋ ಥರಾನೇ. ಹತ್ತು ನಿಮಿಷ ಕೆಲಸ ಮಾಡುತ್ತೆ, ಆಮೇಲೆ ಇನ್ನೊಂದು ಬೇಕು. ಪ್ರತಿ ಸಲ ಚೆಕ್ ಮಾಡಿದಾಗ, ಪ್ರತಿ ಸಲ ಇನ್ನೊಬ್ಬರಿಂದ ಹೇಳಿಸ್ಕೊಂಡಾಗ, ಚೆಕ್ ಮಾಡಿದ್ದಕ್ಕೇ ಬಚಾವಾದೆ ಅಂತ ಮೆದುಳು ಕಲಿಯುತ್ತೆ. ಚೆಕ್ ಮಾಡದೇ ಇದ್ರೆ ಆತಂಕ ಏರುತ್ತೆ, ನಿಜ, ಆದ್ರೆ ಏರಿದ್ದು ಸುಮ್ಮನೆ ಬಿಟ್ರೆ ತಾನಾಗೇ ಇಳಿಯುತ್ತೆ ಕೂಡ. ಇದನ್ನ ಮೆದುಳಿಗೆ ಮೆಲ್ಲಗೆ ಕಲಿಸೋ ಚಿಕಿತ್ಸೆಗೆ ಎಕ್ಸ್‌ಪೋಶರ್ ಆಂಡ್ ರೆಸ್ಪಾನ್ಸ್ ಪ್ರಿವೆನ್ಷನ್ ಅಂತಾರೆ. ಯೂಟ್ಯೂಬ್ ನೋಡ್ಕೊಂಡು ಒಬ್ಬರೇ ಮಾಡೋದಲ್ಲ, ತರಬೇತಿ ಇರೋರ ಜೊತೆ ಮಾಡೋದು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತೆ, ಅದು ಡಾಕ್ಟರ್ ನೋಡಿ ಹೇಳೋ ವಿಷಯ.

ಇಲ್ಲೇ ಒಂದು ಮಾತು. ರಾತ್ರಿ ಎರಡು ಗಂಟೆಗೆ ಎಐ ಚಾಟ್‌ಬಾಟ್‌ಗೆ ಇದನ್ನೆಲ್ಲ ಕೇಳೋರು ನಮ್ಮಲ್ಲಿ ತುಂಬಾ ಜನ ಇದಾರೆ. ಒಂದು ಸಲ ಕೇಳಿದ್ರೆ ಏನೂ ಮುಳುಗಲ್ಲ. ತೊಂದರೆ ಏನಂದ್ರೆ ಅದಕ್ಕೆ ಸುಸ್ತಾಗಲ್ಲ. ಅಕ್ಕ ಐದನೇ ಸಲಕ್ಕೆ "ಲೋ, ಇದೇ ಪ್ರಶ್ನೆ ಆಗಲೇ ಕೇಳಿದೆ ಕಣೋ" ಅಂತಾಳೆ. ಅದು ಐವತ್ತನೇ ಸಲವೂ ಅಷ್ಟೇ ಪ್ರೀತಿಯಿಂದ ಉತ್ತರ ಕೊಡ್ತಿರುತ್ತೆ.

ಅಕ್ಕ ಆಮೇಲೆ ಒಂದು ಒಪ್ಪಂದ ಮಾಡ್ಕೊಂಡ್ಲು. ಯಾವಾಗ ಬೇಕಾದ್ರೂ ಫೋನ್ ಮಾಡು, ಆದ್ರೆ ಹೌದಾ ಅಲ್ವಾ ಅಂತ ಕೇಳಬೇಡ, ನಾನು ಹೇಳಲ್ಲ, ಭಯ ಇಳಿಯೋವರೆಗೂ ಲೈನಲ್ಲಿ ಇರ್ತೀನಿ ಅಂತ. ಅವಳು ಪೇಪರ್ ಕರೆಕ್ಷನ್ ಮಾಡ್ತಾ ಇರ್ತಿದ್ಲು, ನಾನು ಬಸ್ಸಲ್ಲಿ ಕೂತಿರ್ತಿದ್ದೆ. ಒಂದೊಂದು ಸಲ ಹತ್ತು ನಿಮಿಷ ಇಬ್ಬರೂ ಮಾತೇ ಆಡ್ತಿರಲಿಲ್ಲ. ನಿಮ್ಮ ಸ್ನೇಹಿತರಲ್ಲೋ ನೆಂಟರಲ್ಲೋ ಇಂಥವರು ಯಾರು ಅಂತ ಹುಡುಕೋಕೆ ನನ್ನ ಲೆಕ್ಕ ಇಷ್ಟೇ: ಬೇರೆಯವರ ಗುಟ್ಟನ್ನ ನಿಮ್ಮ ಹತ್ರ ಬಂದು ಹೇಳೋರನ್ನ ಬಿಟ್ಬಿಡಿ. ಮೊದಲು ಸಣ್ಣ ವಿಷಯ ಹೇಳಿ ನೋಡಿ. ಅದನ್ನ ಗ್ರೂಪಲ್ಲಿ ಜೋಕ್ ಮಾಡದೇ ಇದ್ರೆ, ಆಮೇಲೆ ದೊಡ್ಡದು.

ಡಾಕ್ಟರ್ ಹತ್ರ ಹೋಗು ಅಂತ ತಳ್ಳಿದ್ದೂ ಅಕ್ಕನೇ. ಮೆಟ್ರೋ ವಿಷಯ ಕೇಳಿ ಆ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದ್ರು. ಆ ಯೋಚನೆ ಬಂದಾಗ ಖುಷಿ ಆಗುತ್ತಾ, ಹಿಂಸೆ ಆಗುತ್ತಾ? ಹಿಂಸೆ ಅಂದೆ. ಅದಕ್ಕೇ ನೀವಿಲ್ಲಿ ಬಂದಿರೋದು ಅಂದ್ರು.

ಅಕ್ಕನಂಥವರು ಯಾರೂ ಇಲ್ಲ ಅನ್ನೋರಿಗೆ: 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಿಂದ ಇದೆ, ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅಗತ್ಯ ಬಿದ್ರೆ ಅಲ್ಲಿಂದಲೇ ಮನೋವೈದ್ಯರಿಗೂ ಕನೆಕ್ಟ್ ಮಾಡ್ತಾರೆ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರಿರ್ತಾರೆ. ಇನ್ನು ಕಾಮರ್ಸ್ ಓದಿದವನಾಗಿ ಇದನ್ನ ಹೇಳದೇ ಇದ್ರೆ ನಂಗೆ ಸಮಾಧಾನ ಆಗಲ್ಲ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಗೂ ಭೇದ ಮಾಡೋ ಹಾಗಿಲ್ಲ. ಆದ್ರೆ ಎಷ್ಟೋ ಪಾಲಿಸಿಗಳು ಅಡ್ಮಿಟ್ ಆದ್ರೆ ಮಾತ್ರ ಹಣ ಕೊಡ್ತವೆ, ಹೊರರೋಗಿ ಖರ್ಚು ಕೊಡಲ್ಲ. ನಿಮ್ಮ ಪಾಲಿಸಿ ತೆಗೆದು ಓದಿ.

ಒಂದು ವಿಷಯ ಮಾತ್ರ ಬೇರೆ. ಸಾಯಬೇಕು ಅನ್ನಿಸ್ತಿದ್ರೆ ಸರಿಯಾದ ವ್ಯಕ್ತಿ ಯಾರು ಅಂತ ಹುಡುಕ್ತಾ ಕೂರಬೇಡಿ. ಪಕ್ಕದಲ್ಲಿ ಯಾರಿದಾರೋ ಅವರಿಗೆ ಹೇಳಿ, 14416ಕ್ಕೆ ಈಗಲೇ ಮಾಡಿ, ತುರ್ತು ಇದ್ರೆ 112.

ಕೆಲವರು ಕೇಳ್ತಾರೆ, ಹೇಳಬೇಕು ಅಂತಿದೆ ಆದ್ರೆ ಹೆಂಗೆ ಶುರು ಮಾಡೋದು ಅಂತ. ನಾನು ಅಕ್ಕನಿಗೆ ಕಳಿಸಿದ್ದ ವಾಟ್ಸಾಪ್ ಮೆಸೇಜ್ ಇನ್ನೂ ಇದೆ, ಓದ್ತೀನಿ, ಬೇಕಿದ್ರೆ ಕಾಪಿ ಮಾಡ್ಕೊಳ್ಳಿ: "ಅಕ್ಕ, ಫ್ರೀ ಇದ್ದಾಗ ಅರ್ಧ ಗಂಟೆ ಬೇಕಿತ್ತು. ದುಡ್ಡಿನ ವಿಷಯ ಅಲ್ಲ. ಒಂದು ವಿಚಿತ್ರ ಯೋಚನೆ ಬಿಡ್ತಿಲ್ಲ. ಭಾವನಿಗೆ ಹೇಳಬೇಡ." ಎರಡು ದಿನ ಟೈಪ್ ಮಾಡಿ, ಡಿಲೀಟ್ ಮಾಡಿ, ಮತ್ತೆ ಟೈಪ್ ಮಾಡಿ ಕಳಿಸಿದ್ದು. "ಈಗಲೇ ಫ್ರೀ, ಮಾಡು" ಅಂತ ಒಂದೇ ನಿಮಿಷಕ್ಕೆ ಉತ್ತರ ಬಂತು.

ಇವತ್ತಿಗೆ ಇಷ್ಟು. ಮುಂದಿನ ವಾರ ಬಾಡಿಗೆ ಮನೆ ಅಡ್ವಾನ್ಸ್ ವಾಪಸ್ ತಗೊಳ್ಳೋದರ ಬಗ್ಗೆ ಮಾತಾಡೋಣ. ಓನರ್‌ಗಳು ಈ ಸಂಚಿಕೆ ಸ್ಕಿಪ್ ಮಾಡಬಹುದು.